ಜುವಾರಿಯ ತಳ ನೋಡಲು: 16 ಅಡಿ ದೋಣಿಗೆ ಸೋನಾರ್ ಟ್ರಾನ್ಸ್‌ಡ್ಯೂಸರ್ ಕೂರಿಸಿದ ಕೆಲಸ

ನಮ್ಮದು 16 ಅಡಿಯ ಫೈಬರ್ ದೋಣಿ. ಹಿಂದೆ 9.9 ಎಚ್‌ಪಿಯ ಔಟ್‌ಬೋರ್ಡ್ ಇಂಜಿನ್. ಕಟ್ಟಿಹಾಕುವುದು ಗೋವಾದ ಚಿಖಲಿಯಲ್ಲಿ, ಜುವಾರಿ ಹೊಳೆಯ ದಂಡೆಯಲ್ಲಿ. ದೋಣಿ ನನಗೂ ಭಾವನಿಗೂ ಪಾಲು. ಇಬ್ಬರೂ ಅಂಕೋಲಾ ಕಡೆಯವರು, ಕೆಲಸ ವಾಸ್ಕೋದಲ್ಲಿ. ರಜೆ ಸಿಕ್ಕಾಗ ಗಾಳ ಹಾಕಲು ಹೋಗುತ್ತೇವೆ.

ಫಿಶ್‌ಫೈಂಡರ್ ತಂದಿದ್ದು ಮೀನಿಗಿಂತ ಜಾಸ್ತಿ ತಳಕ್ಕಾಗಿ. ನೀರಿಗೆ ಶಬ್ದ ಬಿಟ್ಟು, ವಾಪಸು ಬರುವ ಪ್ರತಿಧ್ವನಿಯಿಂದ ಆಳ, ತಳ, ಮೀನು ಪರದೆಯಲ್ಲಿ ತೋರಿಸುವ ಸೋನಾರ್ ಯಂತ್ರ ಅದು. ಮಳೆಗಾಲ ಮುಗಿಯುವಷ್ಟರಲ್ಲಿ ಹೊಳೆಯ ರಾಡಿ ದಿಬ್ಬಗಳು ಜಾಗ ಬದಲಿಸಿರುತ್ತವೆ. ಸಂಜೆ ಇಳಿತದ ಹೊತ್ತಿಗೆ ವಾಪಸು ಬರುವಾಗ ಎಲ್ಲಿ ಎಷ್ಟು ನೀರಿದೆ ಅನ್ನುವುದು ಅಂದಾಜಿನ ಮೇಲೆ ನಡೆಯುತ್ತಿತ್ತು. ಕಲ್ಲು ಎಲ್ಲಿ, ಕೆಸರು ಎಲ್ಲಿ ಅಂತ ಗೊತ್ತಾದರೆ ಚೋಣಕ್ ಮೀನು ಎಲ್ಲಿ ನಿಲ್ಲಬಹುದು ಅನ್ನುವುದೂ ಗೊತ್ತಾಗುತ್ತದೆ.

ಅಕ್ಟೋಬರ್ ಮೊದಲ ವಾರ ಶುರು ಮಾಡಿ ನವೆಂಬರ್ ಕೊನೆಗೆ ಕೆಲಸ ಒಂದು ಹದಕ್ಕೆ ಬಂತು. ಪರದೆ ಎಷ್ಟು ದುಬಾರಿಯದು ಅನ್ನುವುದಕ್ಕಿಂತ, ಟ್ರಾನ್ಸ್‌ಡ್ಯೂಸರ್ ಅನ್ನುವ, ನೀರಿನಲ್ಲಿದ್ದು ಶಬ್ದ ಬಿಟ್ಟು ಹಿಡಿಯುವ ಕಪ್ಪು ಪ್ಲಾಸ್ಟಿಕ್ ತುಂಡಿನ ಮುಖಕ್ಕೆ ಗುಳ್ಳೆ ಇಲ್ಲದ ನೀರು ಸಿಗುತ್ತದಾ ಅನ್ನುವುದೇ ದೊಡ್ಡ ವಿಷಯ. ನಮ್ಮ ಸಮಯವೆಲ್ಲ ಹೋಗಿದ್ದು ಅದಕ್ಕೇ.

1. ಸಾಮಾನು

ನಾಲ್ಕಿಂಚಿನ ಪರದೆಯ ಫಿಶ್‌ಫೈಂಡರ್, ಜಿಪಿಎಸ್ ಇರುವುದು, ಟ್ರಾನ್ಸ್‌ಡ್ಯೂಸರ್ ಸೇರಿ 17,500 ರೂಪಾಯಿ. ಟ್ರಾನ್ಸ್‌ಡ್ಯೂಸರ್‌ಗೆ ಎರಡು ಫ್ರೀಕ್ವೆನ್ಸಿ: 77 ಮತ್ತು 200 ಕಿಲೋಹರ್ಟ್ಜ್. 77ರಲ್ಲಿ ಶಬ್ದ 45 ಡಿಗ್ರಿ ಅಗಲಕ್ಕೆ ಹರಡುತ್ತದೆ, 200ರಲ್ಲಿ 15 ಡಿಗ್ರಿ. ಟಾರ್ಚ್ ಬೆಳಕು ದೂರ ಹೋದಷ್ಟೂ ಅಗಲವಾಗುತ್ತದಲ್ವಾ, ಹಾಗೆಯೇ. 6 ಮೀಟರ್ ಆಳದಲ್ಲಿ 200ರ ವೃತ್ತ ಸುಮಾರು 1.6 ಮೀಟರ್ ಅಗಲ, 77ರದು ಸುಮಾರು 5 ಮೀಟರ್. ಈ ಎರಡು ಅಂಕೆ ಆಮೇಲೆ ಕೆಲಸಕ್ಕೆ ಬಂದವು.

ಉಳಿದದ್ದು: 12 ಮಿ.ಮೀ. ದಪ್ಪದ ಎಚ್‌ಡಿಪಿಇ ಹಲಗೆಯ ತುಂಡು 250 ರೂಪಾಯಿ. ಹೋಟೆಲ್ ಅಡುಗೆಮನೆಯಲ್ಲಿ ತರಕಾರಿ ಹೆಚ್ಚಲು ಇಡುವ ಬಿಳಿ ಹಲಗೆ ಇದೆಯಲ್ಲ, ಅದೇ. 316 ಗ್ರೇಡಿನ ಸ್ಟೀಲ್ ಬೋಲ್ಟು, ನಟ್ಟು, ವಾಷರ್ 180. ದೋಣಿಗೆ ಹಾಕುವ ಪಾಲಿಯುರೆಥೇನ್ ಸೀಲಂಟ್ ಒಂದು ಟ್ಯೂಬ್ 950. 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ 1,050. ಫ್ಯೂಸ್ ಹೋಲ್ಡರ್ 60, ವೈರು 220, ಕೇಬಲ್ ತೂರುವ ತೂತಿಗೆ ನೀರು ಬರದಂತೆ ಹಾಕುವ ಕೇಬಲ್ ಗ್ಲ್ಯಾಂಡ್ 80. ನಾವು ಲೆಕ್ಕ ಹಾಕದೇ ಇದ್ದ ಒಂದು ಖರ್ಚು ನಡುವೆ ಬಂತು, ಫೈಬರ್ ಮಿಸ್ತ್ರಿಗೆ 1,800. ಎಲ್ಲ ಸೇರಿ 22,090 ರೂಪಾಯಿ.

ವಾಸ್ಕೋದ ಹಾರ್ಡ್‌ವೇರ್ ಅಂಗಡಿಯ ಯಜಮಾನರು ಹುಬ್ಬಳ್ಳಿ ಕಡೆಯವರು. 304 ಬೋಲ್ಟು ಕೈಯಲ್ಲಿದ್ದರೂ ಕೊಡಲಿಲ್ಲ. "ಉಪ್ಪುನೀರಿಗೆ ಹಾಕೋದಿದ್ರ 316 ತಗೊಳ್ರಿ, ಎರಡು ದಿನ ತಡ ಆದ್ರ ಆಗ್ಲಿ" ಅಂದರು. ತರಿಸಿಯೇ ಕೊಟ್ಟರು. ಹೇಳಿದ್ದು ಸರಿ. 304 ಉಪ್ಪುನೀರಿನಲ್ಲಿ ಬೇಗ ಚುಕ್ಕಿ ಚುಕ್ಕಿಯಾಗಿ ತಿನ್ನಿಸಿಕೊಳ್ಳುತ್ತದೆ.

ಪೆಟ್ಟಿಗೆ ತೆರೆದ ದಿನ ಮನೆಯಲ್ಲೇ ಒಂದು ಪರೀಕ್ಷೆ. ಬ್ಯಾಟರಿಗೆ ಹಚ್ಚಿ ಟ್ರಾನ್ಸ್‌ಡ್ಯೂಸರನ್ನು ಕಿವಿಯ ಹತ್ತಿರ ಹಿಡಿದರೆ ಸಣ್ಣಗೆ ಟಿಕ್ ಟಿಕ್ ಕೇಳಿಸಿತು. ಜೀವ ಇದೆ ಅಂತ ತಿಳಿಯಲು ಅಷ್ಟು ಸಾಕು. ಬಕೆಟ್ ನೀರಿನಲ್ಲಿ ಮುಳುಗಿಸಿ ಆಳ ನೋಡಲು ಹೋಗಬೇಡಿ. ಅಷ್ಟು ಕಡಿಮೆ ನೀರಿನಲ್ಲಿ ಶಬ್ದ ಮೇಲೆ ಕೆಳಗೆ ಪುಟಿದು ಯಾವುದೋ ಅಂಕೆ ಬರುತ್ತದೆ, ಅದಕ್ಕೆ ಅರ್ಥ ಇಲ್ಲ.

2. ತೂತು ಕೊರೆಯದೆ ಆಗುತ್ತದಾ?

ದೋಣಿಗೆ ತೂತು ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಗಟ್ಟಿ ಫೈಬರ್ ಆದರೆ ದೋಣಿಯ ಒಳಗೇ, ತಳಕ್ಕೆ ಅಂಟಿಸಿಯೂ ಸೋನಾರ್ ನಡೆಸಬಹುದು. ಶಬ್ದ ಫೈಬರ್ ದಾಟಿ ನೀರಿಗೆ ಹೋಗುತ್ತದೆ. ಆದರೆ ನಡುವೆ ಗಾಳಿ, ಫೋಮ್ ಅಥವಾ ಮರ ಇದ್ದರೆ ಹೋಗುವುದಿಲ್ಲ. ಹಾಗಾಗಿ ಅಂಟಿಸುವ ಮೊದಲು ಪರೀಕ್ಷೆ ಮಾಡಲೇಬೇಕು.

ಪರೀಕ್ಷೆ ಸುಲಭ. ದೋಣಿಯನ್ನು 3 ಮೀಟರ್ ನೀರಿಗೆ ತಂದು ಲಂಗರು ಹಾಕಿದೆವು. ಮೊದಲು ಟ್ರಾನ್ಸ್‌ಡ್ಯೂಸರನ್ನು ಒಂದು ಕೋಲಿಗೆ ಕಟ್ಟಿ ಹೊರಗೆ ನೀರಿನಲ್ಲಿ ಹಿಡಿದೆವು. 2.9 ಮೀಟರ್, ತಳದ ಗೆರೆ ದಪ್ಪಗೆ, ಸ್ಪಷ್ಟ. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಟ್ರಾನ್ಸ್‌ಡ್ಯೂಸರ್ ಅದರೊಳಗೆ ಮುಳುಗಿಸಿ, ಚೀಲವನ್ನು ದೋಣಿಯ ಒಳತಳದ ಮೇಲೆ ಒತ್ತಿ ಇಟ್ಟೆವು. ಚೀಲದ ಕೆಳಗೂ ನೀರು ಸುರಿದಿತ್ತು, ಗಾಳಿ ಉಳಿಯಬಾರದು ಅಂತ. ಹಿಂಬದಿಯ ಮುಚ್ಚಳದ ಕೆಳಗೆ ಇಟ್ಟಾಗ ತಳ ಕಾಣಲೇ ಇಲ್ಲ. ಮೇಲುಗಡೆ ಬಣ್ಣದ ಗೊಂದಲ ಅಷ್ಟೇ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಟೊಳ್ಳು ಸದ್ದು. ಅಲ್ಲಿ ಎರಡು ಪದರದ ನಡುವೆ ಫೋಮ್ ಇದೆ.

ನಡುಗೆರೆಯ ಹತ್ತಿರ ತಟ್ಟಿದರೆ ಗಟ್ಟಿ ಸದ್ದು ಬರುವ ಒಂದು ಜಾಗ ಸಿಕ್ಕಿತು. ಅಲ್ಲಿ 3 ಮೀಟರಿಗೆ ತಳ ಕಂಡಿತು, ಆದರೆ ತೆಳುವಾಗಿ. 7 ಮೀಟರ್ ನೀರಿಗೆ ಹೋದ ಮೇಲೆ ಗೆರೆ ತುಂಡುತುಂಡಾಯಿತು. ಜುವಾರಿಯ ಮೆತ್ತನೆ ಕೆಸರು ಮೊದಲೇ ಶಬ್ದವನ್ನು ಸರಿಯಾಗಿ ವಾಪಸು ಕಳಿಸುವುದಿಲ್ಲ. ಫೈಬರ್ ದಾಟುವಾಗ ಇನ್ನಷ್ಟು ಕಳೆದುಹೋದರೆ ಉಳಿಯುವುದು ಏನೂ ಇಲ್ಲ. ಒಳಗಿಟ್ಟರೆ ನೀರಿನ ಉಷ್ಣತೆಯೂ ಸರಿಯಾಗಿ ಸಿಗುವುದಿಲ್ಲ. ಹೊರಗೇ ಹಾಕುವುದು ಅಂತ ತೀರ್ಮಾನ ಆಯಿತು.

3. ಜಾಗ

ಟ್ರಾನ್ಸಮ್, ಅಂದರೆ ಇಂಜಿನ್ ಕೂರುವ ಹಿಂಬದಿಯ ಹಲಗೆ. ಅದರ ಬಲಗಡೆ ಆರಿಸಿದ್ದಕ್ಕೆ ಕಾರಣ ಇದೆ. ನಮ್ಮ ಇಂಜಿನ್ನಿನ ಫ್ಯಾನು, ಅಂದರೆ ಪ್ರೊಪೆಲ್ಲರ್, ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಬಲಗಡೆ ಎಲೆಗಳು ಕೆಳಕ್ಕೆ ಇಳಿಯುತ್ತವೆ, ಎಡಗಡೆ ಮೇಲಕ್ಕೆ ಏರುತ್ತವೆ. ಏರುವ ಕಡೆ ನೀರು ಕಲಕಿ ಗುಳ್ಳೆ ಜಾಸ್ತಿ.

ಫ್ಯಾನಿನ ನಡುವಿನಿಂದ ಕಡಿಮೆ ಅಂದರೆ 38 ಸೆಂ.ಮೀ. ದೂರ ಇಡಬೇಕು. ಇಲ್ಲದಿದ್ದರೆ ಟ್ರಾನ್ಸ್‌ಡ್ಯೂಸರ್ ಕಲಕಿದ ನೀರೇ ಫ್ಯಾನಿಗೆ ಹೋಗುತ್ತದೆ. ನಾವು 44 ಸೆಂ.ಮೀ. ಇಟ್ಟೆವು. ಇಂಜಿನ್ನನ್ನು ಪೂರ್ತಿ ಮೇಲೆತ್ತಿ, ಎಡಕ್ಕೂ ಬಲಕ್ಕೂ ತಿರುಗಿಸಿ, ಎಲ್ಲೂ ತಾಗುವುದಿಲ್ಲ ಅಂತ ನೋಡಿಕೊಂಡೆವು. ತಳದ ಉದ್ದುದ್ದ ಏಣುಗಳ ಹಿಂದೆ ಬರದಂತೆ, ನೀರು ಹೊರಹಾಕುವ ತೂತಿನ ಹಿಂದೆ ಬರದಂತೆ ಗುರುತು ಮಾಡಿದೆವು. ಇಬ್ಬರೂ ಕೂತು, ಪೆಟ್ರೋಲ್ ಟ್ಯಾಂಕ್ ಇಟ್ಟು, ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಟ್ರಾನ್ಸಮ್ಮಿನ ಮೇಲೆ ಬಳಪದಲ್ಲಿ ಗೆರೆ ಎಳೆದೆವು. ನೀರು 18 ಸೆಂ.ಮೀ. ಎತ್ತರಕ್ಕೆ ಬರುತ್ತಿತ್ತು. ಮುಖ್ಯ ಬೋಲ್ಟುಗಳು ಆ ಗೆರೆಗಿಂತ ಮೇಲೆಯೇ ಇರಬೇಕು ಅನ್ನುವುದು ನಮ್ಮ ಲೆಕ್ಕ.

4. ಒದ್ದೆ ಪುಡಿ

ದೋಣಿ ದಂಡೆಗೆ ಎಳೆದು ಮೊದಲ ತೂತು, 6 ಮಿ.ಮೀ. ಬಿಟ್ಟಿನಲ್ಲಿ. ಮೊದಲು ಬಿಳಿ ಫೈಬರ್ ಪುಡಿ ಬಂತು. ಸರಿ. ಆಮೇಲೆ ಪ್ಲೈವುಡ್ಡಿನ ಪುಡಿ ಬರಬೇಕು, ಒಣ, ತಿಳಿ ಕಂದು. ಬಂದದ್ದು ಕಪ್ಪಗೆ, ಒದ್ದೆಯಾಗಿ, ಬೆರಳಿಗೆ ಅಂಟುವಂಥದ್ದು. ವಾಸನೆಯೂ ಬಂತು.

ಟ್ರಾನ್ಸಮ್ಮಿನ ಒಳಗಿನ ಪ್ಲೈವುಡ್ ಕೊಳೆಯುತ್ತಿತ್ತು. ಮೂಲ ಹುಡುಕಿದರೆ ಒಂದು ಗೇಣು ಮೇಲೆ ಹಳೆಯ ಎರಡು ಸ್ಕ್ರೂ ತೂತು. ಹಿಂದಿನ ಮಾಲೀಕರು ಏನನ್ನೋ ಕೂರಿಸಿ ತೆಗೆದಿದ್ದರು. ತೂತನ್ನು ಸಿಲಿಕಾನ್ ಬಳಿದು ಮುಚ್ಚಿದ್ದು ಸುಲಿದು ಹೋಗಿತ್ತು. ನೀರು ಅಲ್ಲಿಂದಲೇ ಇಳಿದದ್ದು.

ಭಾವ ತಕ್ಷಣ ಡ್ರಿಲ್ ಕೆಳಗಿಟ್ಟರು. "ಇದರ ಮೇಲೆ ಬೋಲ್ಟ್ ಹಾಕಿ ಪ್ರಯೋಜನ ಇಲ್ಲ ಮಾರಾಯ, ಇಂಜಿನ್ ಕೂತಿರುವುದೂ ಇದೇ ಹಲಗೆ ಮೇಲೆ" ಅಂದರು. ಅದು ಸೋನಾರ್‌ಗಿಂತ ದೊಡ್ಡ ಚಿಂತೆ. ಸ್ಕ್ರೂಡ್ರೈವರ್ ಹಿಡಿಯಿಂದ ಅಂಗುಲ ಅಂಗುಲ ತಟ್ಟುತ್ತಾ ಹೋದೆವು. ಇಂಜಿನ್ನಿನ ಕ್ಲಾಂಪ್ ಇರುವ ಕಡೆ ಗಟ್ಟಿ ಸದ್ದೇ ಬಂತು. ಕೊಳೆತದ್ದು ಬಲಗಡೆಯ ಒಂದು ತುಂಡಿನಲ್ಲಿ ಮಾತ್ರ.

ಫೈಬರ್ ಮಿಸ್ತ್ರಿ ಒಳಗಡೆಯ ಪದರವನ್ನು 20ಕ್ಕೆ 25 ಸೆಂ.ಮೀ. ಕಿಟಕಿಯಷ್ಟು ಕತ್ತರಿಸಿ ತೆಗೆದರು. ಹೊರಗಿನ ಪದರ ಮುಟ್ಟಲಿಲ್ಲ. ಕೊಳೆತ ಮರವನ್ನು ಉಳಿಯಿಂದ ಕೆರೆದು, ಒಣ ಮರ ಸಿಗುವವರೆಗೆ ಹೋದರು. ಬಿಸಿಲಿಗೆ ಬಿಟ್ಟು, ರಾತ್ರಿ ಹ್ಯಾಲೊಜೆನ್ ದೀಪ ಹಚ್ಚಿ ಒಣಗಿಸಿದ್ದು ಒಂದು ವಾರ. ಇಲ್ಲಿ ಅವಸರ ಮಾಡಬಾರದು. ಒದ್ದೆ ಮರದ ಮೇಲೆ ರೆಸಿನ್ ಹಿಡಿಯುವುದಿಲ್ಲ. ಆಮೇಲೆ ಹೊಸ ಮರೀನ್ ಪ್ಲೈ ತುಂಡು ಕೂರಿಸಿ, ಮೇಲೆ ಮೂರು ಪದರ ಫೈಬರ್ ಮ್ಯಾಟ್ ಹಾಕಿದರು.

ಮಿಸ್ತ್ರಿ ಹೇಳಿಕೊಟ್ಟ ಇನ್ನೊಂದು ಕ್ರಮವನ್ನು ಎಲ್ಲರೂ ಮಾಡಬೇಕು. 6 ಮಿ.ಮೀ. ಬೋಲ್ಟಿಗೆ ಮೊದಲೇ 6 ಮಿ.ಮೀ. ತೂತು ಹಾಕಬಾರದು. ಮೊದಲು 10 ಮಿ.ಮೀ. ತೂತು ಕೊರೆದು ಅದನ್ನು ಗಟ್ಟಿ ಎಪಾಕ್ಸಿಯಿಂದ ತುಂಬಬೇಕು. ಅದು ಗಟ್ಟಿಯಾದ ಮೇಲೆ ನಡುವೆ 6 ಮಿ.ಮೀ. ಕೊರೆಯಬೇಕು. ಹಾಗೆ ಮಾಡಿದರೆ ಬೋಲ್ಟಿನ ಸುತ್ತ ಎಪಾಕ್ಸಿಯ ಕೊಳವೆ ಉಳಿಯುತ್ತದೆ. ಮುಂದೊಂದು ದಿನ ಸೀಲಂಟ್ ಬಿಟ್ಟರೂ ನೀರು ಮರಕ್ಕೆ ತಾಗುವುದಿಲ್ಲ. ಹಳೆಯ ಸ್ಕ್ರೂ ತೂತುಗಳನ್ನೂ ಹೀಗೆಯೇ ಮುಚ್ಚಿದೆವು.

5. ಹಲಗೆ

ಟ್ರಾನ್ಸ್‌ಡ್ಯೂಸರ್ ಬ್ರಾಕೆಟ್ಟನ್ನು ನೇರವಾಗಿ ಟ್ರಾನ್ಸಮ್ಮಿಗೆ ಸ್ಕ್ರೂ ಮಾಡಿದರೆ, ಎತ್ತರ ಬದಲಿಸಬೇಕಾದಾಗಲೆಲ್ಲ ನೀರಿನ ಕೆಳಗೆ ಹೊಸ ತೂತು ಬೇಕು. ಎತ್ತರ ಬದಲಿಸದೆ ಮುಗಿಯುವ ಕೆಲಸ ಇದಲ್ಲ. ಅದಕ್ಕೇ ನಡುವೆ ಒಂದು ಎಚ್‌ಡಿಪಿಇ ಹಲಗೆ: 40 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲ. ಹಲಗೆ ದೋಣಿಗೆ, ಬ್ರಾಕೆಟ್ ಹಲಗೆಗೆ.

ಎಚ್‌ಡಿಪಿಇಗೆ ಯಾವ ಗೋಂದೂ ಸರಿಯಾಗಿ ಹಿಡಿಯುವುದಿಲ್ಲ. ಅಂಟಿಸಿ ಬಿಡೋಣ ಅನ್ನುವ ಆಸೆ ಬೇಡ, ಬೋಲ್ಟೇ ಆಗಬೇಕು. 12 ಮಿ.ಮೀ. ದಪ್ಪಕ್ಕೆ ಸ್ಕ್ರೂ ಹಿಡಿತವೂ ಸಾಲದು. ಬ್ರಾಕೆಟ್ಟಿಗೆ 5 ಮಿ.ಮೀ. ಬೋಲ್ಟುಗಳನ್ನು ಹಲಗೆಯ ಹಿಂಬದಿಯಿಂದ ತೂರಿಸಿ, ತಲೆ ಒಳಗೆ ಹೂತು ಹೋಗುವಂತೆ ಗುಳಿ ಕೊರೆದು, ಮುಂದಿನಿಂದ ನಡುಕಕ್ಕೆ ಸಡಿಲವಾಗದ ನೈಲಾಕ್ ನಟ್ಟು ಹಾಕಿದೆವು. ಬ್ರಾಕೆಟ್ಟಿನಲ್ಲಿ ಉದ್ದ ಸೀಳು ಇದೆ, ಅದರಿಂದ ಸುಮಾರು 2 ಸೆಂ.ಮೀ. ಮೇಲೆ ಕೆಳಗೆ ಸರಿಸಬಹುದು.

ಹಲಗೆಯನ್ನು ಮೊದಲು ನೀರಿನ ಗೆರೆಯ ಮೇಲೆ ಎರಡು ಬೋಲ್ಟಿನಿಂದ ಮಾತ್ರ ಬಿಗಿದೆವು. ನೀರಿನ ಕೆಳಗೆ ಒಂದೂ ತೂತಿಲ್ಲ ಅನ್ನುವ ಸಮಾಧಾನ. ಅದು ನಿಲ್ಲಲಿಲ್ಲ. ವೇಗ ಬಂದ ಕೂಡಲೇ ಹಲಗೆಯ ಕೆಳತುದಿ ನಡುಗಿ ಟ್ರಾನ್ಸಮ್ಮಿಗೆ ಟಪಟಪ ಬಡಿಯಿತು. ಪರದೆಯಲ್ಲಿ ತಳ ಹಾರಿಹೋಯಿತು. ಕೊನೆಗೆ ಕೆಳಗೆ ಮೂರನೇ ಬೋಲ್ಟು ಹಾಕಲೇಬೇಕಾಯಿತು. ಅದಕ್ಕೂ ಅದೇ 10 ಮಿ.ಮೀ. ಎಪಾಕ್ಸಿ ಕ್ರಮ. ನಡುಕ ನಿಂತಿತು.

ಸೀಲಂಟ್ ಬಗ್ಗೆ: ಎಂದೂ ಬಿಡದ ಜಾತಿಯದನ್ನು ಇಲ್ಲಿ ಹಾಕಬೇಡಿ. ಮುಂದೆ ಹಲಗೆ ಬಿಚ್ಚಲು ಹೋದರೆ ಫೈಬರೇ ಕಿತ್ತು ಬರುತ್ತದೆ. ಬಿಚ್ಚಲು ಬರುವ ಪಾಲಿಯುರೆಥೇನ್ ಸಾಕು. ತೂತಿನೊಳಗೂ ಬೋಲ್ಟಿನ ತಲೆಯ ಕೆಳಗೂ ಧಾರಾಳ ಹಾಕಿ, ಮೊದಲ ದಿನ ಅರ್ಧ ಬಿಗಿ, ಅದು ಸ್ವಲ್ಪ ಗಟ್ಟಿಯಾದ ಮೇಲೆ ಪೂರ್ತಿ ಬಿಗಿ. ಒಂದೇ ಸಲ ಬಿಗಿದರೆ ಸೀಲಂಟ್ ಎಲ್ಲ ಹೊರಗೆ ಹಿಂಡಿಹೋಗುತ್ತದೆ.

ಟ್ರಾನ್ಸ್‌ಡ್ಯೂಸರ್ ಮುಖ ಫೈಬರ್ ತಳಕ್ಕಿಂತ 3 ಮಿ.ಮೀ. ಕೆಳಗೆ ಬರುವಂತೆ ಶುರು ಮಾಡಿದೆವು. ನಮ್ಮ ದೋಣಿಯ ತಳ ವಿ ಆಕಾರದ್ದು, ಇಳಿಜಾರು. ಆದರೂ ಮುಖ ಇರಬೇಕಾದ್ದು ನೀರಿನ ಮಟ್ಟಕ್ಕೆ ಸಮ, ತಳದ ಇಳಿಜಾರಿಗೆ ಅಲ್ಲ. ಹಾಗಾಗಿ 3 ಮಿ.ಮೀ. ಅಳೆಯಬೇಕಾದ್ದು ನಡುಗೆರೆಯ ಕಡೆಯ ಅಂಚಿನಲ್ಲಿ. ಆ ಕಡೆ ತಳ ಜಾಸ್ತಿ ಕೆಳಗಿರುತ್ತದೆ.

6. ವೈರು

ಟ್ರಾನ್ಸ್‌ಡ್ಯೂಸರ್ ಕೇಬಲ್ ಕತ್ತರಿಸಬಾರದು. ಉಳಿದ ಉದ್ದವನ್ನು ಎಂಟರ ಆಕಾರದಲ್ಲಿ ಸುತ್ತಿ ಬದಿಯ ಪೆಟ್ಟಿಗೆಯಲ್ಲಿ ಕಟ್ಟಿಟ್ಟೆವು. ಟ್ರಾನ್ಸಮ್ಮಿನ ಮೇಲಂಚಿನಲ್ಲಿ ಗ್ಲ್ಯಾಂಡ್ ಹಾಕಿ ಒಳಗೆ ತಂದೆವು. ಪರದೆಯ ವಿದ್ಯುತ್ತನ್ನು ದೋಣಿಯಲ್ಲಿ ಮೊದಲೇ ಇದ್ದ ಬ್ಯಾಟರಿಯಿಂದ ತೆಗೆದುಕೊಂಡೆವು. ಇಂಜಿನ್ನಿನಿಂದ ಚಾರ್ಜ್ ಆಗುವ, ದೀಪಕ್ಕೂ ನೀರೆತ್ತುವ ಪಂಪಿಗೂ ಬಳಸುವ ಬ್ಯಾಟರಿ ಅದು. 7 ಆಂಪಿಯರ್-ಅವರಿನ ಹೊಸ ಬ್ಯಾಟರಿ ಮೀಸಲು ಇರಲಿ ಅಂದುಕೊಂಡಿದ್ದೆವು. ಈ ಯೋಜನೆ ಬಹಳ ದಿನ ಉಳಿಯಲಿಲ್ಲ.

7. ನಿಂತ ನೀರಿನಲ್ಲಿ

ಮೊದಲ ಪರೀಕ್ಷೆ ಇಂಜಿನ್ ಬಂದ್ ಮಾಡಿ, ಲಂಗರು ಹಾಕಿ. ಪಕ್ಕದ ದೋಣಿಯ ಮಾಮ ಕುಮಟಾದವರು, ಹೊಳೆಯಲ್ಲೇ ಹಣ್ಣಾದವರು. ಅವರ ಹತ್ತಿರ ಆಳ ನೋಡಲು ಹಗ್ಗಕ್ಕೆ ಕಟ್ಟಿದ ಸೀಸದ ಗುಂಡು ಇತ್ತು. ಅವರು ಆಳ ಅಳೆಯುವುದು ಮಾರಿನಲ್ಲಿ. ಕೈ ಚಾಚಿ ಹಗ್ಗ ಎಳೆಯುತ್ತಾ "ಎರಡು ಮಾರು, ಮೇಲೊಂದು ಮೊಳ" ಅನ್ನುತ್ತಾರೆ. ನಾವು ಮೀಟರಿಗಾಗಿ ಬೇರೆ ದಾರ ಮಾಡಿಕೊಂಡೆವು. ಹಿಗ್ಗದ ಹೆಣೆದ ದಾರ ತಂದು, ಒದ್ದೆ ಮಾಡಿ, ಎಳೆದು ಹಿಡಿದು, ಪ್ರತಿ ಅರ್ಧ ಮೀಟರಿಗೆ ಬಟ್ಟೆ ಚೂರು ಕಟ್ಟಿದೆವು. ಒಣ ದಾರಕ್ಕೆ ಗುರುತು ಹಾಕಿದರೆ ನೀರಿಗೆ ಬಿಟ್ಟ ಮೇಲೆ ಅಳತೆ ಬದಲಾಗಬಹುದು.

ಗುಂಡು ಬಿಡುವುದು ಭರತ ನಿಂತ ಹೊತ್ತಿಗೆ. ಸೆಳೆತ ಇರುವಾಗ ದಾರ ಓರೆಯಾಗಿ ಆಳ ಜಾಸ್ತಿ ತೋರಿಸುತ್ತದೆ. ಸರ್ವೇ ಆಫ್ ಇಂಡಿಯಾ ಪ್ರಕಟಿಸುವ ಉಬ್ಬರ-ಇಳಿತದ ಪಟ್ಟಿಯಲ್ಲಿ ಮುರಗಾಂವ್ ಬಂದರಿನ ಹೊತ್ತು ಸಿಗುತ್ತದೆ. ನಮ್ಮ ಜಾಗ ಸ್ವಲ್ಪ ಒಳಗಿರುವುದರಿಂದ ಹೊತ್ತು ತುಸು ತಡ, ಅದನ್ನು ನೀರು ನೋಡಿಯೇ ತಿಳಿದೆವು.

ಮೊದಲ ಅಳತೆ: ದಾರ 4.2, ಪರದೆ 4.0. ಎರಡನೇ ಜಾಗ: ದಾರ 6.1, ಪರದೆ 5.9. ಎರಡು ಕಡೆಯೂ ಅದೇ 20 ಸೆಂ.ಮೀ. ವ್ಯತ್ಯಾಸ. ಇದು ತಪ್ಪಲ್ಲ. ಪರದೆ ಅಳೆಯುವುದು ಟ್ರಾನ್ಸ್‌ಡ್ಯೂಸರ್ ಮುಖದಿಂದ, ದಾರ ಅಳೆಯುವುದು ನೀರಿನ ಮೇಲ್ಮೈಯಿಂದ. ಮುಖ ಇರುವುದು ಸುಮಾರು ಅಷ್ಟೇ ಕೆಳಗೆ. ಸೆಟ್ಟಿಂಗಿನಲ್ಲಿ 0.2 ಮೀಟರ್ ಸೇರಿಸಿದ ಮೇಲೆ ಎರಡೂ ಒಂದಾದವು. ವ್ಯತ್ಯಾಸ ಆಳದ ಜೊತೆ ಬೆಳೆಯುತ್ತಾ ಹೋಗಿದ್ದರೆ ಮಾತ್ರ ಬೇರೆ ಏನೋ ತೊಂದರೆ ಅಂತ ಅರ್ಥ.

ಹಾಗೆ ಬೆಳೆಯುವ ವ್ಯತ್ಯಾಸಕ್ಕೆ ಒಂದು ಕಾರಣ ಸಿಹಿನೀರು-ಉಪ್ಪುನೀರು ಸೆಟ್ಟಿಂಗ್. ಶಬ್ದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುತ್ತದೆ. ಉಪ್ಪುನೀರಿನಲ್ಲಿ ಸ್ವಲ್ಪ ಬೇಗ. ಐದಾರು ಮೀಟರಿನಲ್ಲಿ ಹತ್ತು ಹದಿನೈದು ಸೆಂ.ಮೀ. ಫರಕು ಅಷ್ಟೇ. ಮಳೆ ಮುಗಿದ ಹೊಸತರಲ್ಲಿ ಜುವಾರಿಯ ಮೇಲ್ನೀರು ಸಪ್ಪೆ, ನವೆಂಬರ್ ಹೊತ್ತಿಗೆ ಉಪ್ಪಾಗುತ್ತದೆ. ನಾವು ಉಪ್ಪುನೀರಿಗೇ ಇಟ್ಟು ಬಿಟ್ಟಿದ್ದೇವೆ.

ಮಾಮ ಇನ್ನೊಂದು ಕೆಲಸ ಮಾಡಿಸಿದರು. ಗುಂಡಿನ ಅಡಿಯಲ್ಲಿ ಸಣ್ಣ ಗುಳಿ ಇರುತ್ತದೆ. ಅದಕ್ಕೆ ಗ್ರೀಸ್ ಮೆತ್ತಿ ಬಿಟ್ಟರೆ ತಳದಲ್ಲಿರುವುದು ಅಂಟಿಕೊಂಡು ಬರುತ್ತದೆ. ಒಂದು ಕಡೆ ನುಣ್ಣನೆ ಕೆಸರು ಬಂತು. ಪರದೆಯಲ್ಲಿ ಅಲ್ಲಿ ತಳದ ಗೆರೆ ಮಂಕು, ಕೆಳಗೆ ಚದುರಿದ ಹಾಗೆ. ಇನ್ನೊಂದು ಕಡೆ ಮರಳು, ಚಿಪ್ಪಿನ ಚೂರು. ಅಲ್ಲಿ ಗೆರೆ ದಪ್ಪ, ಗಾಢ. ಮೂರನೇ ಕಡೆ ಗ್ರೀಸಿಗೆ ಏನೂ ಅಂಟಲಿಲ್ಲ, ಗುಂಡು ಟಣ್ ಅಂದದ್ದು ಕೈಗೆ ಗೊತ್ತಾಯಿತು. ಪರದೆಯಲ್ಲಿ ತಳ 3.5 ಮೀಟರಿಗೆ, ಅದರ ಕೆಳಗೆ 7 ಮೀಟರ್ ಹತ್ತಿರ ಇನ್ನೊಂದು ತಳ! ಗಟ್ಟಿ ಕಲ್ಲಿನಿಂದ ವಾಪಸಾದ ಶಬ್ದ ನೀರಿನ ಮೇಲ್ಮೈಗೆ ಬಡಿದು ಮತ್ತೆ ಕೆಳಗೆ ಹೋಗಿ ಬರುತ್ತದೆ. ಈ ಎರಡನೇ ಗೆರೆ ಕಂಡರೆ ಕಲ್ಲು ಅಂತ ತಿಳಿಯಬಹುದು. ಗುಂಡು ಬಿಟ್ಟು ನೋಡಿದ್ದರಿಂದಲೇ ಪರದೆಯ ಬಣ್ಣ ಓದಲು ಬಂತು.

ಚಿಖಲಿ ಕೊಲ್ಲಿಯ ಕೆಸರಿನಲ್ಲಿ ಕಿಟಕಿ ಚಿಪ್ಪಿನ ಜೀವಿಗಳಿವೆ. ಗೋವಾದ ಹಳೆಯ ಮನೆಗಳ ಕಿಟಕಿಗೆ ಗಾಜಿನ ಬದಲು ಹಾಕುತ್ತಿದ್ದ ಅದೇ ಚಪ್ಪಟೆ ಚಿಪ್ಪು. ಅಲ್ಲಿ ಲಂಗರು ಎಳೆದಾಡದೆ ಗುಂಡು ಮಾತ್ರ ಬಿಟ್ಟೆವು. ಬೇರೆಯವರೂ ಹಾಗೇ ಮಾಡಬೇಕು ಅನ್ನುವುದು ನನ್ನ ಬೇಡಿಕೆ.

8. ಇಂಜಿನ್ ಹಚ್ಚಿದ ಮೇಲೆ

ಇಂಜಿನ್ ಶುರುವಾದ ಕೂಡಲೇ ಪರದೆ ತುಂಬ ನಿಂತ ಗೆರೆಗಳು. ಇದಕ್ಕೆ ಎರಡೇ ಮೂಲ: ಒಂದೋ ವಿದ್ಯುತ್ತಿನ ಗದ್ದಲ, ಇಲ್ಲವೋ ನೀರಿನ ಗುಳ್ಳೆ. ಯಾವುದು ಅಂತ ತಿಳಿಯಲು ಸುಲಭ ದಾರಿ ಇದೆ. ಲಂಗರು ಹಾಕಿಯೇ ಇಂಜಿನ್ನನ್ನು ನ್ಯೂಟ್ರಲ್‌ನಲ್ಲಿಟ್ಟು ಥ್ರಾಟಲ್ ಸ್ವಲ್ಪ ಏರಿಸಿ. ದೋಣಿ ಚಲಿಸುತ್ತಿಲ್ಲ, ಫ್ಯಾನು ತಿರುಗುತ್ತಿಲ್ಲ. ಆಗಲೂ ಗೆರೆ ಬಂದರೆ ವಿದ್ಯುತ್ತಿನದು. ಬರದೆ, ಚಲಿಸುವಾಗ ಮಾತ್ರ ಬಂದರೆ ನೀರಿನದು.

ನಮ್ಮಲ್ಲಿ ನ್ಯೂಟ್ರಲ್‌ನಲ್ಲೇ ಬಂತು. ಥ್ರಾಟಲ್ ಏರಿಸಿದರೆ ಗೆರೆ ಒತ್ತೊತ್ತಾಗುತ್ತಿತ್ತು. ಪರದೆಯ ವೈರನ್ನು ಹಳೆಯ ಬ್ಯಾಟರಿಯಿಂದ ಕಿತ್ತು ಹೊಸ 7 ಆಂಪಿಯರ್-ಅವರ್ ಬ್ಯಾಟರಿಗೆ ನೇರ ಹಚ್ಚಿದೆವು. ಗೆರೆಗಳು ಬಹುಪಾಲು ಹೋದವು. ಉಳಿದದ್ದು ಟ್ರಾನ್ಸ್‌ಡ್ಯೂಸರ್ ಕೇಬಲ್ ಇಂಜಿನ್ನಿನ ವೈರಿನ ಜೊತೆಗೇ ಕಟ್ಟಿದ್ದರಿಂದ. ಕೇಬಲ್ಲನ್ನು ದೋಣಿಯ ಆಚೆ ಬದಿಗೆ ತಂದ ಮೇಲೆ ಪರದೆ ಸ್ವಚ್ಛ.

ಈಗ ಸೋನಾರ್‌ಗೆ ಬೇರೆ ಬ್ಯಾಟರಿ, 3 ಆಂಪಿಯರ್ ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ. ಮಲ್ಟಿಮೀಟರ್ ಇಟ್ಟು ನೋಡಿದರೆ ಪರದೆ ಪೂರ್ತಿ ಬೆಳಗಿದಾಗ 0.3 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೂ ಒಂದು ಇಡೀ ದಿನ ಆರಾಮ. ಮನೆಗೆ ತಂದು ಚಾರ್ಜ್ ಹಾಕುತ್ತೇವೆ.

9. ಓಟದಲ್ಲಿ

ಇಲ್ಲಿ ಜಾಸ್ತಿ ಹೊತ್ತು ಹೋಯಿತು. ಮೂರನೇ ಬೋಲ್ಟು ಹಾಕಿದ್ದು ಈ ಹಂತದಲ್ಲೇ. ಅದಾದ ಮೇಲಿನ ಲೆಕ್ಕ ಹೀಗಿದೆ.

ಮುಖ ದೋಣಿಯ ತಳಕ್ಕೆ ಸಮ ಇದ್ದಾಗ ಗಂಟೆಗೆ 9 ಕಿ.ಮೀ. ದಾಟಿದರೆ ಪರದೆಯಲ್ಲಿ ಹೊಳೆಯ ತಳ ಮಾಯ. 3 ಮಿ.ಮೀ. ಕೆಳಗಿಟ್ಟಾಗ 14ರವರೆಗೆ ಸರಿ. 8 ಮಿ.ಮೀ. ಕೆಳಗಿಟ್ಟಾಗ ತಳ ಚೆನ್ನಾಗಿ ಕಂಡಿತು, ಆದರೆ ಹಿಂದೆ ನೀರಿನ ಕಾರಂಜಿ ಎದ್ದು ಇಂಜಿನ್ ಮೇಲೆ, ನಮ್ಮ ಬೆನ್ನ ಮೇಲೆ. ಬ್ರಾಕೆಟ್ಟಿಗೆ ಅಷ್ಟು ಒತ್ತಡ ಒಳ್ಳೆಯದಲ್ಲ. 5 ಮಿ.ಮೀ.ಗೆ ಬಂದು ನಿಂತೆವು. ಜೊತೆಗೆ ಟ್ರಾನ್ಸ್‌ಡ್ಯೂಸರಿನ ಹಿಂತುದಿಯನ್ನು ಮುಂತುದಿಗಿಂತ 2 ಮಿ.ಮೀ. ಕೆಳಗೆ ಬಾಗಿಸಿದೆವು. ಮುಂತುದಿ ಕೆಳಗಾದರೆ ಮುಖದ ಅಡಿಯಲ್ಲಿ ನೀರು ಬಿಟ್ಟುಕೊಂಡು ಗುಳ್ಳೆ ಸೇರುತ್ತದೆ. ಹಿಂತುದಿ ತುಸು ಕೆಳಗಿದ್ದರೆ ನೀರು ಮುಖಕ್ಕೆ ಒತ್ತಿಕೊಂಡೇ ಹರಿಯುತ್ತದೆ.

ಆದರೂ 16 ಕಿ.ಮೀ. ಆಸುಪಾಸಿನಲ್ಲಿ ತಳ ಬಿಟ್ಟು ಬಿಟ್ಟು ಬರುತ್ತಿತ್ತು. ಎತ್ತರ ಎಷ್ಟು ಬದಲಿಸಿದರೂ ಹೋಗಲಿಲ್ಲ. ದೋಣಿ ದಂಡೆಗೆ ಎಳೆದು ಓರೆ ಮಾಡಿ, ಟ್ರಾನ್ಸ್‌ಡ್ಯೂಸರಿನಿಂದ ನೇರ ಮುಂದಕ್ಕೆ ತಳದುದ್ದ ಒಂದು ದಾರ ಹಿಡಿದೆವು. ಆ ದಾರದ ಗುಂಟ ಕೈ ಸವರುತ್ತಾ ಹೋದರೆ ಒಂದು ಮೀಟರ್ ಮುಂದೆ ಹಳೆಯ ಫೈಬರ್ ತೇಪೆಯ ಅಂಚು ಕೈಗೆ ಸಿಕ್ಕಿತು. 2 ಮಿ.ಮೀ. ಎತ್ತರವೂ ಇರಲಿಲ್ಲ. ಕಣ್ಣಿಗೆ ಕಾಣುತ್ತಿರಲಿಲ್ಲ. ನೀರು ಅದಕ್ಕೆ ತಾಗಿ ಒಡೆದು ಗುಳ್ಳೆಯ ಸಾಲು ನೇರ ಟ್ರಾನ್ಸ್‌ಡ್ಯೂಸರ್ ಮುಖಕ್ಕೆ ಬರುತ್ತಿತ್ತು. ಮೊದಲು 80, ಆಮೇಲೆ 220 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ನುಣುಪು ಮಾಡಿ, ಫೈಬರಿನ ಹೊರಮೈಗೆ ಹಾಕುವ ಜೆಲ್‌ಕೋಟ್ ಬಳಿದೆವು. ಈಗ ಗಂಟೆಗೆ 20 ಕಿ.ಮೀ.ವರೆಗೆ ತಳ ಬಿಡುವುದಿಲ್ಲ. ಅದಕ್ಕಿಂತ ಜಾಸ್ತಿ ಈ ಇಂಜಿನ್ ಇಬ್ಬರನ್ನು ಹೊತ್ತು ಹೋಗುವುದೂ ಅಪರೂಪ.

ಯಾರಾದರೂ ಈ ಕೆಲಸ ಶುರು ಮಾಡುವವರಿದ್ದರೆ, ಹಲಗೆ ಕತ್ತರಿಸುವ ಮೊದಲೇ ಆ ದಾರದ ಗುಂಟ ಕೈ ಸವರಿ ನೋಡಿ. ಐದು ನಿಮಿಷದ ಕೆಲಸ.

10. ಇಳಿಜಾರು, ಬಾರ್ಜು, ಎಡತಿರುವು

ದಂಡೆಯ ಹತ್ತಿರ ತಳ ಕಡಿದಾಗಿ ಇಳಿಯುವ ಕಡೆ ಮತ್ತೆ ಗುಂಡು ಬಿಟ್ಟೆವು. ದಾರ 5.6 ಅಂದಿತು. 200 ಕಿಲೋಹರ್ಟ್ಜ್ 5.3 ಅಂದಿತು, 77 ಇಟ್ಟರೆ 4.5. ವೃತ್ತ ಅಗಲವಾದಷ್ಟೂ ಅದರ ಅಂಚು ಇಳಿಜಾರಿನ ಮೇಲ್ಭಾಗಕ್ಕೆ ತಾಗುತ್ತದೆ. ಮೊದಲು ವಾಪಸು ಬರುವ ಶಬ್ದ ಅಲ್ಲಿಯದೇ. ಪರದೆ ಅದನ್ನೇ ತಳ ಅಂದುಕೊಳ್ಳುತ್ತದೆ. ಆಳ ನೋಡಲು ನಾವು 200 ಇಡುತ್ತೇವೆ. ದಂಡೆ ಹತ್ತಿರ ಬರುವಾಗ 77 ಒಳ್ಳೆಯದು. ಬದಿಯ ದಿಬ್ಬವನ್ನು ಅದು ಸ್ವಲ್ಪ ಮೊದಲೇ ಹೇಳುತ್ತದೆ, ತಪ್ಪಿದರೂ ನಮ್ಮ ಒಳ್ಳೆಯದಕ್ಕೇ ತಪ್ಪುತ್ತದೆ.

ಒಂದು ಬಾರ್ಜು ಪಕ್ಕದಲ್ಲಿ ಹಾದುಹೋದಾಗ ಪರದೆಯಲ್ಲಿ ಓರೆ ಚುಕ್ಕಿಗೆರೆಗಳು ಬಂದವು, ಅದು ದೂರವಾದ ಮೇಲೆ ಹೋದವು. ಅದರ ಸೋನಾರ್‌ನ ಶಬ್ದ ನಮ್ಮದಕ್ಕೆ ಕೇಳಿಸಿದ್ದು. ಇದಕ್ಕೆ ಮಾಡುವಂಥದ್ದು ಏನಿಲ್ಲ.

ಎಡಕ್ಕೆ ಜೋರಾಗಿ ತಿರುಗಿದರೆ ಮಾತ್ರ ಈಗಲೂ ತಳ ಕಳೆಯುತ್ತದೆ. ದೋಣಿ ಎಡಕ್ಕೆ ವಾಲಿದಾಗ ಬಲಬದಿ ಏಳುತ್ತದೆ, ಟ್ರಾನ್ಸ್‌ಡ್ಯೂಸರ್ ನೀರಿನಿಂದ ಎದ್ದುಬಿಡುತ್ತದೆ. ನಡುಗೆರೆಗೆ ಹತ್ತಿರ ಇದ್ದಷ್ಟೂ ಇದು ಕಡಿಮೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ನಮ್ಮ ದೋಣಿಯೂ ದಂಡೆಯ ಮೇಲೆ ಇರುತ್ತದೆ. ಆಗ ಹಲಗೆ ಬಿಚ್ಚಿ 44ರಿಂದ 39 ಸೆಂ.ಮೀ.ಗೆ ಸರಿಸುವ ಯೋಚನೆ ಇದೆ. ಟ್ರಾನ್ಸಮ್ಮಿನ ಹೊಸ ತುಂಡು ಒಣಗಿದೆಯಾ ಅಂತ ನೋಡಲೂ ಅದೇ ಸಮಯ.

ಅಲ್ಲಿಯವರೆಗೆ ಮಾಡುತ್ತಿರುವುದು ಇಷ್ಟು. ದೋಣಿ ಮರಳಿಗೆ ಎಳೆಯುವ ಮೊದಲು ಟ್ರಾನ್ಸ್‌ಡ್ಯೂಸರನ್ನು ಮೇಲಕ್ಕೆ ಮಡಚುವುದು. ವಾರಕ್ಕೊಮ್ಮೆ ಪಾತ್ರೆ ತೊಳೆಯುವ ಸೋಪಿನಿಂದ ಮುಖ ಉಜ್ಜುವುದು. ಮೊದಲು ಹತ್ತುವ ಲೋಳೆ ಅದರಿಂದ ಹೋಗುತ್ತದೆ, ಸಣ್ಣ ಗುಳ್ಳೆ ಅಂಟಿಕೊಳ್ಳುವುದೂ ಕಡಿಮೆಯಾಗುತ್ತದೆ. ಕಲ್ಲುಚಿಪ್ಪು ಕೂತರೆ ಚಾಕು ಹಾಕದೆ ಪ್ಲಾಸ್ಟಿಕ್ ಕಾರ್ಡಿನಿಂದ ಎಬ್ಬಿಸುವುದು. ತಳಕ್ಕೆ ಬಳಿಯುವ ಬಣ್ಣವನ್ನು ಇದಕ್ಕೂ ಹಚ್ಚುವುದಾದರೆ ನೀರಿನಲ್ಲಿ ಕಲಸುವ ಜಾತಿಯದೇ ಆಗಬೇಕು. ಥಿನ್ನರ್ ಇರುವ ಬಣ್ಣ ಟ್ರಾನ್ಸ್‌ಡ್ಯೂಸರಿನ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ.